ಹಿಂಗೋಡೆಗೂ ಬಿಳಿ

ಓಡ್ವಾರ್ ಬಂದಾಗ ರಾಗ್ನ ಅಡುಗೆಮನೆಯಲ್ಲಿ ಕುಳಿತು ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಬಾಗಿಲು ತಟ್ಟಿದ ಸದ್ದಿನಲ್ಲೇ ಕೆಟ್ಟ ಸುದ್ದಿ ತಂದಿದ್ದಾನೆಂದು ಅವಳಿಗೆ ತಿಳಿಯಿತು. ಹುಡುಗನಾಗಿದ್ದಾಗಿನಿಂದ ತಟ್ಟದೆ ಒಳಗೆ ಬಂದು ಅಭ್ಯಾಸವಿದ್ದ ನೆರೆಮನೆಯವನು ಈ ದಿನ ತಟ್ಟಿ, ಕಾದು, ಬೂಟು ಬಿಚ್ಚಿಟ್ಟು, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ನಿಂತ.

“ಕೂತ್ಕೋ. ಕಾಫಿ ಬಿಸಿ ಇದೆ.”

“ಕಾಫಿ ಬೇಡ ರಾಗ್ನ.”

“ಓ, ಹಾಗಾದ್ರೆ ವಿಷಯ ದೊಡ್ಡದೇ. ನೀನು ಕಾಫಿ ಬೇಡ ಅಂದಿದ್ದನ್ನ ನಾನು ಕೇಳಿದ್ದು ನಿಮ್ಮಮ್ಮ ತೀರ್ಕೊಂಡ ದಿನ ಒಂದೇ.”

ಓಡ್ವಾರ್ ಕುಳಿತ. ಸಿಪ್ಪೆಯ ರಾಶಿಯನ್ನು ನೋಡುತ್ತ ಹೇಳಿದ: “ಬರೋ ಗುರುವಾರ ವಾರ್ಷಿಕ ಸಭೆ. ಫ್ರೆಡ್‌ಹೈಮನ್ನ ಮಾರೋ ವಿಷಯ ಇಡ್ತಾ ಇದ್ದೀವಿ. ಕೊಳ್ಳೋರು ಸಿಕ್ಕಿದಾರೆ. ಕೆಡವಿ ಫ್ಲ್ಯಾಟ್ ಕಟ್ತಾರಂತೆ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ ಅಂತ ನಾನೇ ಬಂದೆ.”

ರಾಗ್ನಳ ಕೈಯಲ್ಲಿದ್ದ ಚಾಕು ನಿಲ್ಲಲಿಲ್ಲ. ಕೈಯಲ್ಲಿದ್ದ ಗಡ್ಡೆಯನ್ನು ಪೂರ್ತಿ ಸುಲಿದು, ನೀರಿಗೆ ಹಾಕಿ, ಕೈ ಒರೆಸಿಕೊಂಡಳು.

“ಕೆಡವ್ತಾರಂತಾ?”

“ಗೋಡೆ ಹಲಗೆ ಕೊಳೆತಿದೆ. ಚಳಿಗಾಲದಿಂದ ಬೀಗ ಹಾಕಿಟ್ಟಿದೀವಿ. ಯಾರು ಬರ್ತಾರೆ ಹೇಳು? ಸಿಗ್ನೆ ಇದ್ದಾಗ ಮಾತು ಬೇರೆ. ಈಗ…” ಅವನು ಅಲ್ಲಿಗೇ ನಿಲ್ಲಿಸಿದ.

ಸಿಗ್ನೆ ರಾಗ್ನಳ ಒಬ್ಬಳೇ ಮಗಳು. ಹಿಂದಿನ ಅಕ್ಟೋಬರಿನಲ್ಲಿ ತೀರಿಕೊಂಡಿದ್ದಳು. ಬೇಸಿಗೆಯಲ್ಲಿ ಬೆನ್ನುನೋವೆಂದು ಆಸ್ಪತ್ರೆಗೆ ಹೋದವಳನ್ನು ಎಲೆ ಉದುರುವ ಹೊತ್ತಿಗೆ ಮಣ್ಣು ಮಾಡಿ ಬಂದದ್ದಾಗಿತ್ತು. ಅವಳ ಹಳದಿ ಮಳೆಕೋಟು ಇನ್ನೂ ಬಾಗಿಲ ಬಳಿಯ ಗೂಟದಲ್ಲೇ ಇತ್ತು.

“ಬರೋ ಗುರುವಾರ ಅಂದ್ಯಲ್ಲ?” ರಾಗ್ನ ಕೇಳಿದಳು. “ನಡುವೆ ಒಂದು ಶನಿವಾರ ಬರುತ್ತೆ.”

“ಬಂದ್ರೆ?”

“ಶನಿವಾರ ದುಗ್ನಾದ್. ಎಲ್ಲರೂ ಸೇರಿ ಫ್ರೆಡ್‌ಹೈಮಿಗೆ ಬಣ್ಣ ಹೊಡೀಬೇಕು.”

ಓಡ್ವಾರ್ ಅವಳ ಮುಖವನ್ನೇ ನೋಡಿದ. “ಕೆಡವೋ ಮನೆಗೆ ಬಣ್ಣಾನಾ? ಹೆಣಕ್ಕೆ ಕ್ಷೌರ ಮಾಡಿಸ್ತೀಯಾ ಮಾರಾಯ್ತಿ?”

“ನಮ್ಮಪ್ಪನಿಗೆ ಮಾಡ್ಸಿದ್ವಿ. ಚೆನ್ನಾಗಿಯೇ ಕಾಣ್ತಿದ್ದ.”

ಇಲ್ಲಿ ಫ್ರೆಡ್‌ಹೈಮಿನ ವಿಷಯ ಸ್ವಲ್ಪ ಹೇಳಬೇಕು. ಬರ್ಗೆನ್ ನಗರದ ಬಂದರಿನಿಂದ ಮೇಲೇರುವ ಬೆಟ್ಟದ ಓಣಿಗಳಲ್ಲೊಂದರ ತುದಿಯಲ್ಲಿ ನಿಂತಿರುವ ಪ್ರಾರ್ಥನೆಯ ಮನೆ ಅದು. ಹೆಸರಿನ ಅರ್ಥ ಶಾಂತಿಯ ಬೀಡು ಎಂದು. ಆದರೆ ಆ ಓಣಿಯಲ್ಲಿ ನಡೆದ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ಅದರೊಳಗೇ. ಅದನ್ನು ಕಟ್ಟಿದವರು ಹಗ್ಗದ ಕಾರ್ಖಾನೆಯ ಕೂಲಿಯವರ ಹೆಂಡಂದಿರು. ಕಾಲುಚೀಲ ಹೆಣೆದು ಮಾರಿ ಮರ ಕೊಂಡರು. ಹಲಗೆಗಳನ್ನು ಬಂದರಿನಿಂದ ತಮ್ಮ ಬೆನ್ನ ಮೇಲೆಯೇ ಹೊತ್ತು ತಂದರು. ಚಂದಾ ಕೊಡಲು ಯಾರ ಬಳಿಯೂ ಹಣವಿರಲಿಲ್ಲವಾದ್ದರಿಂದ ಒಂದು ಕಟ್ಟಳೆ ಮಾಡಿಕೊಂಡರು: ವರ್ಷದಲ್ಲಿ ಒಂದು ದಿನವಾದರೂ ಈ ಮನೆಗಾಗಿ ಕೈಯಾರೆ ದುಡಿದವರು ಯಾರೇ ಆಗಲಿ, ಸಭೆಯಲ್ಲಿ ಅವರಿಗೆ ಕೈ ಎತ್ತುವ ಹಕ್ಕುಂಟು. ಆ ಕಟ್ಟಳೆ ಇಂದಿಗೂ ಇತ್ತು. ಓಣಿಯ ಮಕ್ಕಳಿಗೂ ಅದು ಗೊತ್ತಿತ್ತು. ಸಿಗ್ನೆ ಹೋದಮೇಲೆ ಮನೆ ಮುಚ್ಚಿದ್ದರಿಂದ ಈ ವರ್ಷ ಅಲ್ಲಿ ದುಡಿದವರೆಂದರೆ ಸೂರಿಗೆ ಎರಡು ಆಸರೆ ಕೊಟ್ಟ ಕಮಿಟಿಯ ಗಂಡಸರು ಮಾತ್ರ. ಕಮಿಟಿಗೆ ಓಡ್ವಾರ್ ಅಧ್ಯಕ್ಷ.

ಅವನಿಗೆ ಅವಳ ಲೆಕ್ಕಾಚಾರ ತಿಳಿಯದೆ ಇರಲಿಲ್ಲ. “ಅಂದ್ರೆ ಗುರುವಾರಕ್ಕೆ ಕೈ ಕೂಡಿಸ್ತೀಯಾ.”

“ಕೈ ಕೂಡಿಸ್ತೀನಿ. ಕದ್ದುಮುಚ್ಚಿ ಏನಿಲ್ಲ, ನಿನ್ನ ಎದುರಿಗೇ ಹೇಳ್ತಿದೀನಿ.”

“ಬೀಗ ಹೊಸದು ಹಾಕ್ಸಿದೀನಿ. ಕೀಲಿ ಕೊಡಲ್ಲ.”

“ಬಣ್ಣ ಹೊಡಿಯೋದು ಹೊರಗಡೆ, ಓಡ್ವಾರ್. ಕೀಲಿ ನೀನೇ ಇಟ್ಕೋ, ರಾತ್ರಿ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲ್ಕೋ.”

ಅವನು ಎದ್ದ. ಬಾಗಿಲ ಬಳಿ ನಿಂತು ಬೂಟಿಗೆ ಕಾಲು ತೂರಿಸುತ್ತ, ಸಿಟ್ಟೂ ಮರುಕವೂ ಬೆರೆತ ದನಿಯಲ್ಲಿ, “ಯಾರೂ ಬರಲ್ಲ ರಾಗ್ನ. ನಿನಗೆ ಅವಮಾನ ಆಗೋದು ನನಗೆ ಇಷ್ಟ ಇಲ್ಲ,” ಎಂದ.

“ನನಗೆ ಆಗಬೇಕಾದದ್ದೆಲ್ಲ ಅಕ್ಟೋಬರಿನಲ್ಲೇ ಆಗಿ ಹೋಗಿದೆ,” ಎಂದು ರಾಗ್ನ ಹೇಳಿದಳು.

ಅವನು ಹೋದಮೇಲೆ ಅವಳು ಕಿಟಕಿಯ ಬಳಿ ನಿಂತಳು. ಅಲ್ಲಿಂದ ಫ್ರೆಡ್‌ಹೈಮಿನ ಮುಂಭಾಗ ಕಾಣುತ್ತಿತ್ತು. ಮುಂಗೋಡೆ ಬಿಳಿ, ಕಿಟಕಿಯ ಚೌಕಟ್ಟುಗಳು ಬಿಳಿ, ಕೆಳಗಿನ ಓಣಿಗೆ ಮುಖ ಮಾಡಿ ಮದುಮಗಳಂತೆ ನಿಂತಿತ್ತು. ಹಿಂಗೋಡೆ ಮಾತ್ರ ಕೆಂಪು. ಕಟ್ಟಿದ ಕಾಲದಲ್ಲಿ ಬಿಳಿ ಬಣ್ಣಕ್ಕೆ ಬೆಲೆ ಹೆಚ್ಚು. ಆದ್ದರಿಂದ ಆ ಹೆಂಗಸರು ಜನ ನೋಡುವ ಕಡೆಗೆ ಬಿಳಿ ಬಳಿದು, ಯಾರೂ ನೋಡದ ಬೆಟ್ಟದ ಕಡೆಗೆ ಮೀನೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದರು. ಆ ಸೀಮೆಯಲ್ಲಿ ಹಾಗೆ ಮಾಡುವುದೇ ವಾಡಿಕೆ. ಕೊಟ್ಟಿಗೆಗೆ ಕೆಂಪು, ಮನೆಗೆ ಬಿಳಿ, ಮನೆಯ ಬೆನ್ನಿಗೆ ಮತ್ತೆ ಕೆಂಪು.

ಆದರೆ ಬೆಟ್ಟದ ಕಡೆ ಈಗ ಖಾಲಿಯಿರಲಿಲ್ಲ. ನಗರಸಭೆ ಅಲ್ಲಿ ಉದ್ದನೆಯ ವಸತಿ ಕಟ್ಟಡಗಳನ್ನು ಎಬ್ಬಿಸಿ ಎಷ್ಟೋ ಕಾಲವಾಗಿತ್ತು. ಯುದ್ಧಗಳಿಂದ ಓಡಿಬಂದವರು, ಹಡಗುಕಟ್ಟೆಯಲ್ಲಿ ದುಡಿಯುವವರು, ಒಂಟಿ ತಾಯಂದಿರು, ಹೀಗೆ ಎಲ್ಲ ಬಗೆಯ ಜನ ಅಲ್ಲಿದ್ದರು. ಸಿಗ್ನೆ ಮಂಗಳವಾರದ ಸಂಜೆ ಫ್ರೆಡ್‌ಹೈಮಿನಲ್ಲಿ ದೊಡ್ಡ ಪಾತ್ರೆಯಲ್ಲಿ ಸೂಪು ಮಾಡಿಟ್ಟು ಅವರನ್ನೆಲ್ಲ ಕರೆಯುತ್ತಿದ್ದಳು. ಅವಳು ತಾಯಿಯಷ್ಟು ಪ್ರಾರ್ಥನೆ ಮಾಡುವವಳಲ್ಲ. ಸೂಪಿನ ಮುಂದೆ ತಲೆ ಬಾಗಿಸಿ, “ಬಿಸಿ ಆರೋ ಮುಂಚೆ ಮುಗಿಸಮ್ಮ,” ಎನ್ನುವವಳು. ಕಮಿಟಿಯ ಮುಂದೆ ಪ್ರತಿ ವರ್ಷ ಅವಳದು ಒಂದೇ ಕೋರಿಕೆ: “ಹಿಂಗೋಡೆಗೂ ಬಿಳಿ ಹೊಡೀರಿ. ಮೇಲಿನವರಿಗೆ ನಾವು ತೋರಿಸೋದು ಬರೀ ಬೆನ್ನು.” ಪ್ರತಿ ವರ್ಷ ಕಮಿಟಿಯ ಉತ್ತರವೂ ಒಂದೇ: “ಹಿಂಗೋಡೆ ಯಾವಾಗ್ಲೂ ಕೆಂಪು.”

ರಾಗ್ನ ಕಿಟಕಿಯ ಬಳಿಯೇ ಕೈ ಜೋಡಿಸಿದಳು. ಅವಳು ಬಾಲ್ಯದಿಂದ ದೇವರೊಡನೆ ಮಾತಾಡಿಕೊಂಡು ಬಂದವಳು. ಬಂದರಿನ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ ಯಂತ್ರದ ಸದ್ದಿನ ನಡುವೆಯೂ ಮಾತಾಡುತ್ತಿದ್ದಳು, ಹಾಡುತ್ತಿದ್ದಳು. ಅಕ್ಟೋಬರಿನಿಂದೀಚೆಗೆ ಹಾಡು ನಿಂತಿತ್ತು. ಚರ್ಚಿಗೆ ಹೋಗುತ್ತಿದ್ದಳು, ಎಲ್ಲರೂ ಎದ್ದು ನಿಂತಾಗ ನಿಲ್ಲುತ್ತಿದ್ದಳು, ಹಾಡಿನ ಹೊತ್ತಿಗೆ ಬಾಯಿ ಬಿಗಿಹಿಡಿದು ನೇರ ಮುಂದೆ ನೋಡುತ್ತಿದ್ದಳು. ದೇವರಿಗೆ ತನ್ನ ಕೋಪ ತಿಳಿಯಬೇಕೆಂಬುದು ಅವಳ ಇಚ್ಛೆ. ಕೋಪವನ್ನು ಬಚ್ಚಿಟ್ಟುಕೊಂಡು ಹೊಗಳುವುದು ಅವಳ ಕಣ್ಣಿಗೆ ಸುಳ್ಳಿನಂತೆ ಕಂಡಿತ್ತು.

“ನನ್ನ ಮಗಳನ್ನ ತಗೊಂಡೆ,” ಎಂದಳು. “ಕೇಳಿ ತಗೊಳ್ಳಲಿಲ್ಲ. ಆಯ್ತು, ನೀನು ದೊಡ್ಡವನು. ಅವಳ ಸೂಪಿನ ಮನೇನ ಮಾತ್ರ ಕೊಡಲ್ಲ. ಬೇಕಾದ್ರೆ ನೀನೇ ಇಳಿದು ಬಂದು ಕಿತ್ಕೋ.”

ಹೀಗೆ ಹೇಳಿ, ಆಲೂಗಡ್ಡೆ ಬೇಯಲಿಟ್ಟಳು.

ಮರುದಿನ ದೀಪದ ಕಂಬಗಳ ಮೇಲೆ ಚೀಟಿ ಅಂಟಿಸಿದಳು. ‘ಶನಿವಾರ ಬೆಳಿಗ್ಗೆ ಫ್ರೆಡ್‌ಹೈಮಿನಲ್ಲಿ ದುಗ್ನಾದ್. ಕುಂಚ ತನ್ನಿ.’ ಅದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಆ ಜನರಿಗೆ ಇಲ್ಲ. ದುಗ್ನಾದ್ ಎಂದರೆ ನೆರೆಹೊರೆಯವರೆಲ್ಲ ಕೂಡಿ ಕೈಯಾರೆ ಮಾಡುವ ಕೆಲಸ. ಅದನ್ನು ಶ್ರಮದಾನವೆನ್ನುವ ಹಾಗಿಲ್ಲ, ಯಾಕೆಂದರೆ ಯಾರೂ ಅದನ್ನು ದಾನವೆಂದು ತಿಳಿಯುವುದಿಲ್ಲ. ಮುಯ್ಯಾಳೆನ್ನುವ ಹಾಗೂ ಇಲ್ಲ, ಮುಯ್ಯಿ ತೀರಿಸುವ ಮಾತೇ ಅಲ್ಲಿ ಬರುವುದಿಲ್ಲ. ಕರೆದರೆ ಹೋಗಬೇಕು, ಅಷ್ಟೆ.

ಮೇಲಿನ ಕಟ್ಟಡದ ಬಳಿ ಚೀಟಿ ಅಂಟಿಸುತ್ತಿದ್ದಾಗ ಲೆತೆ ಸಿಕ್ಕಳು. ಎರಿಟ್ರಿಯಾದಿಂದ ಬಂದು ಅಲ್ಲಿ ನೆಲೆಸಿದವಳು. ಮಂಗಳವಾರಗಳಲ್ಲಿ ಸಿಗ್ನೆಯ ಜೊತೆ ನಿಂತು ಈರುಳ್ಳಿ ಹೆಚ್ಚುತ್ತಿದ್ದವಳು.

“ರಾಗ್ನಮ್ಮ, ಬರದೇ ಇದ್ರೆ ಏನು ಮಾಡ್ತಾರೆ? ದಂಡ ಹಾಕ್ತಾರಾ?”

“ಏನೂ ಮಾಡಲ್ಲ.”

“ಮತ್ತೆ ಎಲ್ಲರೂ ಯಾಕೆ ಹೆದರ್ತಾರೆ?”

“ಏನೂ ಮಾಡಲ್ಲ ಅನ್ನೋದಕ್ಕೇ. ಒಂದು ಮಾತೂ ಆಡಲ್ಲ. ಮುಂದಿನ ಇಪ್ಪತ್ತು ವರ್ಷ ಸುಮ್ನೆ ನೋಡ್ತಾರೆ.”

ಲೆತೆ ನಕ್ಕಳು. “ನಮ್ಮೂರಲ್ಲಾದ್ರೆ ಬೈದುಬಿಡ್ತಾರೆ, ಅಲ್ಲಿಗೆ ಮುಗೀತು. ನಿಮ್ಮದೇ ಕಷ್ಟ.” ಆಮೇಲೆ ಚೀಟಿಯನ್ನು ಮತ್ತೊಮ್ಮೆ ಓದಿ ಕೇಳಿದಳು: “ನಾವೂ ಬರಬಹುದಾ? ನಮ್ಮ ಕೈಯೂ ಲೆಕ್ಕಕ್ಕೆ ಬರುತ್ತಾ?”

“ದುಡಿದ ಕೈ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಕರೀತಿರೋದು.”

ಶನಿವಾರ ಬೆಳಗಾಯಿತು. ವಾರವಿಡೀ ಒಣಗಾಳಿ ಬೀಸಿತ್ತು. ಬರ್ಗೆನ್ನಿನಲ್ಲಿ ಅದು ಸಾಮಾನ್ಯದ ಮಾತಲ್ಲ. ಮೇ ಹದಿನೇಳರ ದೇಶದ ಹಬ್ಬ ಹತ್ತಿರವಾಗಿದ್ದುದರಿಂದ ಎಲ್ಲೋ ಕೆಳಗಿನ ಓಣಿಯಲ್ಲಿ ಹುಡುಗರ ದಳದ ತಮಟೆಗಳು ಅಭ್ಯಾಸ ನಡೆಸಿದ್ದವು. ರಾಗ್ನ ಸಿಗ್ನೆಯ ಹಳದಿ ಕೋಟು ತೊಟ್ಟು, ಅಗಸೆ ಎಣ್ಣೆಯ ಬಿಳಿ ಬಣ್ಣದ ಡಬ್ಬಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋದಳು.

ಫ್ರೆಡ್‌ಹೈಮಿನ ಅಂಗಳದಲ್ಲಿ ಒಂದು ಕಡಲಕಾಗೆ ಬಿಟ್ಟರೆ ಯಾರೂ ಇರಲಿಲ್ಲ.

ಅವಳು ಹಲಗೆ ಕೆರೆಯುವ ಉಳಿ ತೆಗೆದುಕೊಂಡು ಒಬ್ಬಳೇ ಶುರುಮಾಡಿದಳು. ಕೆರೆದಳು, ಕೆರೆದಳು. ಹಳೆಯ ಬಣ್ಣ ಚಕ್ಕೆಚಕ್ಕೆಯಾಗಿ ಕಾಲಬಳಿ ಬಿತ್ತು. ಓಡ್ವಾರ್ ಹೇಳಿದ್ದೇ ನಿಜವಾಯಿತೇ ಎಂಬ ಯೋಚನೆ ಬಂದಾಗ ಇನ್ನೂ ಬಲವಾಗಿ ಕೆರೆದಳು.

ಮೊದಲು ಬಂದವನು ಐವಿಂದ್, ಕೆಳಗಿನ ಓಣಿಯ ಶಾಲಾಮಾಸ್ತರ. ನಿದ್ದೆಗಣ್ಣಿನಲ್ಲೇ ಏಣಿ ಹೊತ್ತು ಬಂದು, “ತಡವಾಯ್ತಾ?” ಎಂದ. ಅವನ ಹಿಂದೆ ಬೇಕರಿಯ ದಂಪತಿಗಳು ದಾಲ್ಚಿನ್ನಿ ಬನ್ನಿನ ಬುಟ್ಟಿ ಹಿಡಿದು ಬಂದರು. ಆಮೇಲೆ ಒಬ್ಬೊಬ್ಬರಾಗಿ ಪರದೆಗಳ ಹಿಂದಿನಿಂದ ನೋಡುತ್ತಿದ್ದವರು ಹೊರಟರು. ಪಕ್ಕದ ಮನೆಯವರು ಹೋದರೆಂದು ಇವರು, ಇವರು ಹೋದರೆಂದು ಅವರು. ಯಾರೂ ಯಾಕೆಂದು ಕೇಳಲಿಲ್ಲ. ಬಂದರು, “ಎಲ್ಲಿಂದ ಶುರು?” ಎಂದರು, ಉಳಿ ಹಿಡಿದರು. ಮೇಲಿನ ಕಟ್ಟಡಗಳಿಂದ ಲೆತೆ ಒಂದು ಗುಂಪನ್ನೇ ಇಳಿಸಿಕೊಂಡು ಬಂದಳು. ಬೀಗ ಹಾಕಿದ್ದರಿಂದ ಒಳಗಿನ ಒಲೆ ಸಿಗುವಂತಿರಲಿಲ್ಲ. ಅವಳು ಮೆಟ್ಟಿಲ ಮೇಲೆಯೇ ಪುಟ್ಟ ಸ್ಟೌವಿಟ್ಟು, ಕಪ್ಪು ಮಣ್ಣಿನ ಹೂಜಿಯಲ್ಲಿ ಕಾಫಿ ಕಾಯಿಸಲು ಕುಳಿತಳು.

ಓಡ್ವಾರ್ ಬಂದದ್ದು ಆಗ. ಹಿಂದೆಯೇ ಅವನ ಹೆಂಡತಿ ಮಗ್ನಿ.

“ಎಲ್ಲರೂ ಕೇಳಿ!” ಎಂದು ಅವನು ಕೂಗಿದ. “ಈ ಮನೆ ಮಾರಾಟಕ್ಕಿದೆ. ನಿಮ್ಮ ಶನಿವಾರ ಹಾಳು ಮಾಡ್ಕೋಬೇಡಿ. ಮನೆಗೆ ಹೋಗಿ.”

ಕೈಗಳು ನಿಂತವು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮಾರಾಟಕ್ಕಿದೆ, ಮಾರಿಲ್ಲ,” ಎಂದಳು ರಾಗ್ನ. ದನಿ ಏರಿಸಲಿಲ್ಲ. “ಗುರುವಾರ ಸಭೆ. ಇವತ್ತು ದುಡಿದವರು ಅವತ್ತು ಕೈ ಎತ್ತಬಹುದು. ಮಾರಿ ಅಂತ ಎತ್ತಿದ್ರೂ ಸರಿ, ಬೇಡ ಅಂತ ಎತ್ತಿದ್ರೂ ಸರಿ. ಮನೆಗೆ ಹೋದವರಿಗೆ ಎರಡೂ ಇಲ್ಲ.”

ಬೇಕರಿಯ ಹೆಂಗಸು ಮೊದಲು ಉಳಿಯನ್ನು ಹಲಗೆಗೆ ಒತ್ತಿದಳು. ಕರಕರ ಸದ್ದು ಮತ್ತೆ ಎದ್ದಿತು.

ಅಷ್ಟರಲ್ಲೇ ಮುಂಗೋಡೆಯ ಮೂಲೆಯಿಂದ ಐವಿಂದ್ ಕರೆದ: “ರಾಗ್ನಮ್ಮ, ಇಲ್ಲಿ ಸ್ವಲ್ಪ ಬನ್ನಿ.”

ಅವನ ಉಳಿ ಹಲಗೆಯೊಳಗೆ ಹಿಡಿಯ ತನಕ ಇಳಿದಿತ್ತು. ಬಿಳಿ ಬಣ್ಣದ ಕೆಳಗೆ ಮರವೆಲ್ಲ ಒದ್ದೆ ರೊಟ್ಟಿಯಂತಾಗಿತ್ತು. ಕಡಲಿನ ಮಳೆಗಾಳಿ ನೇರ ಹೊಡೆಯುವುದು ಆ ಮುಖಕ್ಕೇ. ವರ್ಷ ವರ್ಷವೂ ಕಮಿಟಿ ಅದರ ಮೇಲೆ ಹೊಸ ಬಿಳಿ ಬಳಿಯುತ್ತ ಬಂದಿತ್ತು. ಹಿಂದೆ ಹೋಗಿ ಕೆಂಪು ಗೋಡೆಯನ್ನು ಕೆರೆದರೆ ಅಲ್ಲಿ ಮರ ಗಟ್ಟಿ, ಉಳಿ ಠಣ್ಣೆನ್ನುತ್ತಿತ್ತು.

“ನಾನು ಹೇಳ್ಲಿಲ್ವಾ?” ಎಂದ ಓಡ್ವಾರ್. ದನಿಯಲ್ಲಿ ಗೆಲುವಿತ್ತು, ಆದರೆ ಮುಖದಲ್ಲಿ ಇರಲಿಲ್ಲ. “ಕೊಳೆತಿದೆ.”

ರಾಗ್ನ ಆ ತೂತಿನೊಳಗೆ ಬೆರಳಿಟ್ಟು ನೋಡಿದಳು. ಹೊರಗೆ ಚೆನ್ನಾಗಿ ಕಾಣುತ್ತ ಒಳಗೊಳಗೇ ಕೊಳೆಯುವುದನ್ನು ಅವಳು ಆಸ್ಪತ್ರೆಯ ಮಂಚದ ಬಳಿ ಕುಳಿತು ಒಮ್ಮೆ ನೋಡಿದ್ದಳು. ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಡಾಕ್ಟರು ಕೈಚೆಲ್ಲಿದಾಗ ಅವಳೂ ಚೆಲ್ಲಿದ್ದಳು.

“ಹಲಗೆ ತಾನೇ,” ಎಂದಳು. “ಹಲಗೆಯಾದ್ರೆ ಕಿತ್ತು ಬೇರೆ ಹಾಕಬಹುದು. ಯಾರ ಹತ್ರ ಹಲಗೆ ಇದೆ?”

ಐವಿಂದ್ ಗರಾಜು ಕಟ್ಟಲೆಂದು ತಂದಿಟ್ಟ ಹಲಗೆಗಳಿದ್ದವು. ನಾಲ್ಕು ಜನ ಹೋಗಿ ಹೊತ್ತು ತಂದರು. ಕೊಳೆತದ್ದನ್ನು ಕಿತ್ತರು. ಐವಿಂದ್ ಮೊದಲ ಹಲಗೆಯನ್ನು ಇಟ್ಟು, ನಾಲಿಗೆ ಕಚ್ಚಿಕೊಂಡು ಮೊಳೆ ಹೊಡೆಯತೊಡಗಿದ.

ಓಡ್ವಾರ್ ಹೋಗದೆ ಅಲ್ಲೇ ಕೈಕಟ್ಟಿ ನಿಂತಿದ್ದ. ಅವನು ಹಡಗುಕಟ್ಟೆಯಲ್ಲಿ ಬಡಗಿಯಾಗಿ ದುಡಿದು ನಿವೃತ್ತನಾದವನು. ಒಂದು ಮೊಳೆಯನ್ನು ಸಹಿಸಿಕೊಂಡ. ಎರಡನೆಯದನ್ನೂ ಸಹಿಸಿಕೊಂಡ. ಮೂರನೆಯದಕ್ಕೆ ಅವನ ದವಡೆ ಅಲುಗಿತು.

“ಏಯ್ ಮಾಸ್ತರ, ಹಲಗೆ ಉಲ್ಟಾ ಇಟ್ಟಿದೀಯ!”

“ಎರಡೂ ಕಡೆ ಒಂದೇ ಥರ ಇದ್ಯಲ್ಲ?”

“ಒಂದೇ ಥರಾನಾ! ತುದಿ ನೋಡೋ, ಉಂಗುರ ಕಾಣಲ್ವಾ? ಮರದ ತಿರುಳಿನ ಮಗ್ಗುಲು ಹೊರಕ್ಕೆ ಬರಬೇಕು. ಇಲ್ಲದಿದ್ರೆ ಬಾಗಿ ಅಂಚು ಎದ್ದು ನೀರು ಕುಡಿಯುತ್ತೆ. ಮಕ್ಕಳಿಗೆ ಏನು ಕಲಿಸ್ತೀಯೋ ನೀನು!”

“ಇತಿಹಾಸ,” ಎಂದ ಐವಿಂದ್ ಮೆಲ್ಲಗೆ.

“ಅದೇ ಮತ್ತೆ! ಕೊಡಿಲ್ಲಿ.”

ಸುತ್ತಿಗೆ ಅವನ ಕೈಗೆ ಬಂತು. ಹೊಡೆದ ಮೊಳೆಗಳನ್ನು ಕಿತ್ತ, ಹಲಗೆ ತಿರುಗಿಸಿದ, ಹೊಸ ಮೊಳೆ ಹೊಡೆದ. ಪಕ್ಕದ ಹಲಗೆಯನ್ನೂ ತಾನೇ ಅಳತೆ ನೋಡಿ ಕೊಯ್ದ. ಮಗ್ನಿ ಮೆಟ್ಟಿಲ ಮೇಲೆ ಲೆತೆಯ ಪಕ್ಕ ಕುಳಿತು ಕಾಫಿ ಹೀರುತ್ತ ನೋಡಿದಳು.

“ಓಡ್ವಾರ್, ನೀನು ಇದನ್ನ ನಿಲ್ಸೋಕೆ ಬಂದಿದ್ದು. ನೆನಪಿದ್ಯಾ?”

ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ ಓಡ್ವಾರ್ ಅದರಲ್ಲೊಂದನ್ನು ತೆಗೆದು ಹಲಗೆಗೆ ಹೊಡೆದ. ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾಯಿತು. ಆದರೆ ಕೆಟ್ಟುಹೋದ ಕೆಲಸವನ್ನು ಸರಿಮಾಡದೆ ಅರ್ಧಕ್ಕೆ ಬಿಟ್ಟು ಹೋಗುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಊಟದ ಹೊತ್ತಿಗೆ ಮುಂಗೋಡೆಗೆ ಬಣ್ಣ ಬಳಿದು ಮುಗಿಯುತ್ತ ಬಂತು. ಆಗ ಬಂತು ಮಳೆ. ಬೆಟ್ಟದ ತಲೆಯ ಮೇಲೆ ಮೋಡ ಕೂತದ್ದೇ ತಡ, ಹನಿ ಬಿತ್ತು. ಹಸಿ ಬಣ್ಣದ ಮೇಲೆ ನೀರು ಬಿದ್ದರೆ ಬೆಳಗಿನ ಕೆಲಸವೆಲ್ಲ ಕೆಟ್ಟಂತೆಯೇ. ರಾಗ್ನ ಓಡಲಾರಳು; ಆದರೂ ಓಡಿದಳು. ಅವಳ ಮನೆಯ ನೆಲಮಾಳಿಗೆಯಲ್ಲಿ ಅವಳೇ ಹೊಲಿದ ಹಳೆಯ ಹಡಗಿನ ಟಾರ್ಪಾಲುಗಳಿದ್ದವು. ಅವನ್ನು ಎಳೆದು ತಂದು ಸೂರಿನಿಂದ ಇಳಿಬಿಟ್ಟು, ಕೆಳಗಿನ ಅಂಚನ್ನು ದೂರಕ್ಕೆ ಎಳೆದು ಹಿಡಿದು ನಿಂತರು. ಒಂದು ಅಂಚು ಬೇಕರಿಯವನ ಕೈಯಲ್ಲಿ, ಒಂದು ಲೆತೆಯ ಕೈಯಲ್ಲಿ, ಒಂದು ಓಡ್ವಾರನ ಕೈಯಲ್ಲಿ. ಯಾರೂ ಮನೆಗೆ ಹೋಗಲಿಲ್ಲ. ಮಳೆಗೆ ಹೆದರಿ ಒಳಗೆ ಹೋಗುವ ಜನ ಆ ಊರಲ್ಲಿ ಇದ್ದಿದ್ದರೆ ಅಲ್ಲಿ ಊರೇ ಇರುತ್ತಿರಲಿಲ್ಲ.

“ಈಗ ಹಿಂಗೋಡೆ,” ಎಂದಳು ರಾಗ್ನ.

ಹಿಂಬದಿಗೆ ಮಳೆ ಬೀಳುತ್ತಿರಲಿಲ್ಲ; ಮನೆಯೇ ಅದಕ್ಕೆ ಮರೆಯಾಗಿತ್ತು. ಅವಳು ಡಬ್ಬದ ಮುಚ್ಚಳ ತೆಗೆದು ಕುಂಚವನ್ನು ಬಿಳಿಗೆ ಅದ್ದಿದಳು. ಓಡ್ವಾರ್ ಟಾರ್ಪಾಲಿನ ಅಂಚನ್ನು ಇನ್ನೊಬ್ಬನ ಕೈಗೆ ಕೊಟ್ಟು ಬಂದ.

“ರಾಗ್ನ, ಅದು ಕೆಂಪು. ಹಿಂಗೋಡೆ ಯಾವಾಗ್ಲೂ ಕೆಂಪು.”

“ಗೊತ್ತು.”

“ನಮ್ಮಜ್ಜಿ ಬಳಿದದ್ದು ಕೆಂಪು.”

“ನಿಮ್ಮಜ್ಜಿ ಹತ್ರ ಬಿಳಿಗೆ ದುಡ್ಡಿರಲಿಲ್ಲ. ಇದ್ದಿದ್ರೆ ಬಳೀತಿದ್ಲು. ಅವಳು ನಿನಗಿಂತ ಜಾಣೆ.” ಮೇಲೆ ಕಟ್ಟಡಗಳ ಕಿಟಕಿಗಳತ್ತ ಕುಂಚ ತೋರಿಸಿದಳು. “ಅಲ್ಲಿ ಬೆಳಿಗ್ಗೆ ಎದ್ದೋರು ಮೊದಲು ನೋಡೋದು ಈ ಗೋಡೇನ. ಅವರಿಗೆ ಇದೇ ಮುಂಗೋಡೆ. ಸಿಗ್ನೆ ನಿನ್ನ ಹತ್ರ ಎಷ್ಟು ವರ್ಷ ಕೇಳಿದ್ಲು? ಅವಳಿಗೆ ಇಲ್ಲ ಅಂದೆ. ನನಗೆ ಅನ್ನು ನೋಡೋಣ. ಅವಳ ಕೋಟು ಹಾಕ್ಕೊಂಡು ನಿಂತಿದೀನಿ, ಅನ್ನು.”

ಓಡ್ವಾರ್ ಹಳದಿ ಕೋಟನ್ನು ನೋಡಿದ. ತಿರುಗಿ ಏಣಿಯನ್ನು ತಂದು ಗೋಡೆಗೆ ಒರಗಿಸಿ, ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು ನಿಂತ.

ಅವಳು ಏರಿದಳು. ಕೆಂಪಿನ ಮೇಲೆ ಮೊದಲ ಬಿಳಿ ಗೆರೆ ಬಿತ್ತು.

ಅರ್ಧ ಗೋಡೆ ಮುಗಿಯುವ ಹೊತ್ತಿಗೆ ಬಣ್ಣ ಖಾಲಿಯಾಯಿತು. ಕೆಂಪು ಹಲಗೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಕುಡಿದಿತ್ತು. ರಾಗ್ನ ಡಬ್ಬದ ತಳವನ್ನು ಕೆರೆದು, ಮೇಲೆ ನೋಡಿ, “ಇದೂ ನಿನ್ನದೇ ಕೆಲಸವಾ?” ಎಂದು ಗೊಣಗಿದಳು. ಆದರೆ ಅಷ್ಟರಲ್ಲಿ ಲೆತೆ ಬೆಟ್ಟ ಹತ್ತಿ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಕಟ್ಟಡಗಳಿಂದ ಜನ ಡಬ್ಬ ಹಿಡಿದು ಇಳಿದರು. ಯಾರದೋ ಮಗುವಿನ ಕೋಣೆಗೆ ಹೊಡೆದು ಉಳಿದದ್ದು, ಯಾರದೋ ದೋಣಿಯ ಅಂಚಿಗೆ ತಂದದ್ದು, ಯಾರದೋ ಹಳೆಯ ಬೇಲಿಗೆ ಬಳಿದು ಮಿಕ್ಕದ್ದು. ಎಲ್ಲವೂ ಬಿಳಿಯೇ, ಆದರೆ ಒಂದೂ ಇನ್ನೊಂದರಂತಿರಲಿಲ್ಲ. ಒಂದು ಹಾಲಿನಂತೆ, ಒಂದು ಬೆಣ್ಣೆಯಂತೆ, ಒಂದು ಮೀನಿನ ಹೊಟ್ಟೆಯಂತೆ ನೀಲಿಗೆ ತಿರುಗಿದ್ದು.

“ದೋಣಿ ಬಣ್ಣಾನ ಮನೆಗೆ ಹೊಡೀಬಾರ್ದು,” ಎಂದ ಓಡ್ವಾರ್.

“ತೇಲಿ ಹೋದ್ರೆ ನಿನ್ನನ್ನೇ ಚುಕ್ಕಾಣಿಗೆ ಕೂರಿಸ್ತೀವಿ,” ಎಂದಳು ಮಗ್ನಿ.

ಕತ್ತಲಾಗುವ ಮುನ್ನ ಒಂದು ಕೈ ಬಣ್ಣ ಮುಗಿಯಿತು. ಜನ ಲೆತೆಯ ಕಾಫಿ ಕುಡಿದರು, ಅವಳು ಸುಟ್ಟು ತಂದಿದ್ದ ದಪ್ಪ ಗೋಧಿ ರೊಟ್ಟಿಯನ್ನು ಮುರಿದು ತಿಂದರು, ಬನ್ನು ತಿಂದರು. ಯಾರೂ ಸಭೆಯ ಮಾತೆತ್ತಲಿಲ್ಲ. ಯಾರು ಯಾವ ಕಡೆ ಕೈ ಎತ್ತುವರೆಂದು ರಾಗ್ನ ಕೇಳಲೂ ಇಲ್ಲ.

ಗುರುವಾರ ಸಂಜೆ ಓಡ್ವಾರ್ ತಾನೇ ಬಂದು ಬೀಗ ತೆಗೆದ. ಒಳಗೆ ಚಳಿಗಾಲದ ಮುಗ್ಗುಲು ವಾಸನೆ ಇತ್ತು. ಬಾಗಿಲ ಬಳಿ ಶೂಗಳ ರಾಶಿ ಬಿತ್ತು. ಬೆಂಚುಗಳು ಸಾಲದೆ ಜನ ಗೋಡೆಗೊರಗಿ ನಿಂತರು. ವಾಡಿಕೆಯಂತೆ ಮೊದಲು ಒಂದು ಭಕ್ತಿಗೀತೆ. ಎಲ್ಲರೂ ಎದ್ದರು, ಹಾಡಿದರು. ರಾಗ್ನ ಹಳದಿ ಕೋಟಿನ ಗುಂಡಿ ಹಾಕಿಕೊಂಡು ಬಾಯಿ ಬಿಗಿಹಿಡಿದು ನಿಂತಳು. ಪಕ್ಕದಲ್ಲಿದ್ದ ಲೆತೆಗೆ ಆ ಹಾಡು ಗೊತ್ತಿರಲಿಲ್ಲ; ಅವಳೂ ಸುಮ್ಮನೆ ನಿಂತಳು. ಇಬ್ಬರೂ ಹಾಗೆ ಮೌನವಾಗಿ ಆ ಹಾಡನ್ನು ಕಳೆದರು.

ಓಡ್ವಾರ್ ಮೇಜಿನ ಹಿಂದೆ ನಿಂತು ಕೆಮ್ಮಿದ. “ಈ ವರ್ಷ ಈ ಮನೆಗಾಗಿ ದುಡಿದವರು ಕೈ ಎತ್ತಿ. ಅವರಿಗೆ ಮಾತ್ರ ಹಕ್ಕು.”

ಕೈಗಳು ಎದ್ದವು. ಅಗಸೆ ಎಣ್ಣೆಯ ಬಣ್ಣ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಕರಿ ಕೈ, ಬಿಳಿ ಕೈ, ಮುದಿ ಕೈ, ಉಂಗುರ ತೊಟ್ಟ ಕೈ, ಎಲ್ಲವುಗಳ ಉಗುರುಸಂದಿಯಲ್ಲೂ ಅದು ಇನ್ನೂ ಕೂತಿತ್ತು. ಎತ್ತದ ಕೈ ಆ ಕೋಣೆಯಲ್ಲಿ ಇರಲಿಲ್ಲ.

“ಸರಿ, ಇಳಿಸಿ.” ಅವನು ಮತ್ತೆ ಕೆಮ್ಮಿದ. “ಮನೆ ಮಾರೋದಕ್ಕೆ ಒಪ್ಪಿರುವವರು?”

ಕಮಿಟಿಯ ಸಾಲಿನಲ್ಲಿ ಎರಡು ಕೈ ಎದ್ದವು. ಆಮೇಲೆ ಓಡ್ವಾರ್ ತನ್ನದನ್ನೂ ಎತ್ತಿದ. ಅವನ ಬೆರಳ ಗೆಣ್ಣುಗಳ ಮೇಲೂ ಬಿಳಿ ಇತ್ತು.

“ಓಡ್ವಾರ್!” ಎಂದಳು ಮಗ್ನಿ ಹಿಂದಿನಿಂದ.

“ಸುಮ್ನಿರು. ಹಲಗೆ ಹಾಕಿದ್ದು ಕೆಲಸ ಕೆಡಬಾರದು ಅಂತ. ಕೈ ಎತ್ತಿದ್ದು ನನಗೆ ನಿಜ ಅನ್ಸಿದ್ದಕ್ಕೆ. ಈ ಮನೆ ಉಳಿಸ್ಕೊಳ್ಳೋಕೆ ಇದೇ ಥರ ಪ್ರತಿ ವರ್ಷ ದುಡೀಬೇಕು. ಅಷ್ಟು ದಿನ ನೀವೆಲ್ಲ ಬರ್ತೀರಿ ಅಂತ ನನಗೆ ನಂಬಿಕೆ ಇಲ್ಲ.”

ರಾಗ್ನಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಎದುರಾಳಿ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದನ್ನು ಕಂಡು ಒಂದು ಬಗೆಯ ನೆಮ್ಮದಿಯೇ ಆಯಿತು.

“ಬೇಡ ಅನ್ನುವವರು?”

ಅವಳು ಮೊದಲು ಎತ್ತಿದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಹಳದಿ ತೋಳು ನೇರವಾಗಿ ಮೇಲೆ ಹೋಯಿತು, ಅಲ್ಲೇ ನಿಂತಿತು. ಹಿಂದೆ ಬಟ್ಟೆಗಳು ಸರಿದಾಡುವ ಸದ್ದು ಸಾಲಿನಿಂದ ಸಾಲಿಗೆ ಹಬ್ಬಿದ್ದು ಕೇಳಿಸಿತು. ಓಡ್ವಾರ್ ಎಣಿಸಲು ಶುರುಮಾಡಿ, ಎರಡನೇ ಸಾಲಿನಲ್ಲೇ ಬಿಟ್ಟುಬಿಟ್ಟ.

“ಆಯ್ತು,” ಎಂದ. “ಉಳೀತು.”

ಜೇಬಿನಿಂದ ಹೊಸ ಬೀಗದ ಕೀಲಿ ತೆಗೆದು ಮೇಜಿನ ಮೇಲಿಟ್ಟ. “ಇದನ್ನ ಯಾರು ಇಟ್ಕೋತೀರಿ?”

ರಾಗ್ನ ಎದ್ದು ಹೋಗಿ ಕೀಲಿ ತೆಗೆದುಕೊಂಡು, ಬಂದು, ಲೆತೆಯ ಅಂಗೈಯಲ್ಲಿಟ್ಟಳು. “ಮಂಗಳವಾರ ಸೂಪು. ಈರುಳ್ಳಿ ನಾನು ಹೆಚ್ತೀನಿ, ಒಲೆ ನಿಂದು.”

“ಖಾರ ಹಾಕ್ತೀನಿ, ರಾಗ್ನಮ್ಮ.”

“ಹಾಕು. ಇವರೆಲ್ಲ ಸ್ವಲ್ಪ ಬೆವರಲಿ.”

“ಮತ್ತೆ,” ಎಂದ ಓಡ್ವಾರ್, ಜನ ಏಳುವ ಮುನ್ನ, ಯಾರ ಮುಖವನ್ನೂ ನೋಡದೆ, “ಒಂದು ಕೈ ಬಣ್ಣ ನಿಲ್ಲಲ್ಲ. ಎರಡನೇ ಕೈ ಬೇಕೇ ಬೇಕು. ಮುಂದಿನ ಶನಿವಾರ. ಬರದೇ ಇದ್ದವರನ್ನ ನಾನು ನೋಡ್ತಾ ಇರ್ತೀನಿ.”

ಸಭೆ ಮುಗಿದಮೇಲೆ ರಾಗ್ನ ಕೆಳಗಿನ ಓಣಿಗಿಳಿಯದೆ ಬೆಟ್ಟದ ಕಡೆ ಹತ್ತಿದಳು. ಮೇಲಿನ ಕಟ್ಟಡಗಳ ಅಂಗಳದಲ್ಲಿ ಒಂದು ಬೆಂಚಿತ್ತು. ಅಲ್ಲಿ ಕುಳಿತು ಫ್ರೆಡ್‌ಹೈಮನ್ನು ಆ ಕಡೆಯಿಂದ ನೋಡಿದಳು. ಬರ್ಗೆನ್ನಿನ ಮೇ ತಿಂಗಳ ಸಂಜೆ. ಬೆಳಕು ಇನ್ನೂ ಇತ್ತು. ಹಿಂಗೋಡೆ ಹಾಲುಬಿಳಿ, ಬೆಣ್ಣೆಬಿಳಿ, ನೀಲಿಬಿಳಿಯಾಗಿ ಪಟ್ಟೆಪಟ್ಟೆಯಾಗಿ ನಿಂತಿತ್ತು. ಕೆಲವೆಡೆ ಕೆಂಪು ಇನ್ನೂ ಅಡಿಯಿಂದ ಇಣುಕುತ್ತಿತ್ತು. ಚೆಂದವೆಂದು ಹೇಳುವಂತಿರಲಿಲ್ಲ. ಆದರೆ ಅದು ಬೆನ್ನಾಗಿ ಉಳಿದಿರಲಿಲ್ಲ.

ಕೋಟಿನ ಜೇಬಿಗೆ ಕೈ ಹಾಕಿದಾಗ ಸಿಗ್ನೆಯ ಒಂದು ಹಳೆಯ ಕೈಗವಸು ಸಿಕ್ಕಿತು. ಅದನ್ನು ಹಾಕಿಕೊಳ್ಳಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಬಹಳ ಹೊತ್ತಾದಮೇಲೆ ತಲೆಯೆತ್ತಿದಳು.

“ನಾನಿನ್ನೂ ಹಾಡಲ್ಲ,” ಎಂದು ದೇವರಿಗೆ ಹೇಳಿದಳು. “ಅದು ಬೇರೆ ಮಾತು. ಆದ್ರೆ ನೋಡು. ಮೇಲಿನಿಂದ ನಿನಗೂ ಇಷ್ಟು ದಿನ ಬೆನ್ನೇ ಕಾಣ್ತಿತ್ತು. ಈಗ ಸರಿಯಾಗಿ ನೋಡು.”